ಮುರಿದು ನೋಡುವ ಕಸುಬು

ದೊಡ್ಡನೆಕ್ಕುಂದಿ ಎಂದೊಡನೆ ಇಂದು ನೆನಪಾಗುವುದು ಹೊರ ವರ್ತುಲ ರಸ್ತೆಯ ಟ್ರಾಫಿಕ್ಕು, ಅಪಾರ್ಟ್‌ಮೆಂಟುಗಳ ನಡುವೆ ಉಳಿದುಕೊಂಡಿರುವ ಕೆರೆ, ಕೈಗಾರಿಕಾ ಪ್ರದೇಶದ ಶೆಡ್ಡುಗಳು ಮತ್ತು ಅವುಗಳ ಪಕ್ಕಕ್ಕೇ ಎದ್ದ ಐಟಿ ಕಚೇರಿಗಳು. ಈ ಊರನ್ನು ನಡುವಿಟ್ಟು ಹತ್ತು ಕಿಲೋಮೀಟರಿನ ವೃತ್ತವೊಂದನ್ನು ಎಳೆದರೆ ಬೇರೆಯದೇ ನೆರೆಹೊರೆ ಕಾಣುತ್ತದೆ. ಉಪಗ್ರಹಗಳನ್ನು ಜೋಡಿಸಿ, ನಡುಗಿಸಿ, ನಿರ್ವಾತದಲ್ಲಿ ಕಾಯಿಸಿ ತಣಿಸಿ ನೋಡುವ ಇಸ್ರೋದ ಐಸೈಟ್ ಕೇಂದ್ರ ಇಲ್ಲಿಯೇ ಕಾರ್ತಿಕ್ ನಗರದಲ್ಲಿದೆ. ಸೇನಾ ವಿಮಾನಗಳ ಹಾರಾಟದ ಅರ್ಹತೆಗೆ ಮುದ್ರೆಯೊತ್ತುವ ಸೆಮಿಲ್ಯಾಕ್ ಮಾರತ್‌ಹಳ್ಳಿ ಬದಿಗಿದೆ. ಹೊಸ ವಿಮಾನಗಳನ್ನು ಹಾರಿಸಿ ಪರೀಕ್ಷಿಸುವ ವಾಯುಪಡೆಯ ಘಟಕ ಎಚ್‌ಎಎಲ್ ರನ್‌ವೇಯ ಪಕ್ಕದಲ್ಲಿದೆ. ವಿಮಾನ ತಯಾರಿಸುವ ಎಚ್‌ಎಎಲ್, ಹಗುರ ಯುದ್ಧವಿಮಾನವನ್ನು ರೂಪಿಸಿದ ಎಡಿಎ, ವಿಮಾನ ಸಂಶೋಧನೆಯ ಎನ್‌ಎಎಲ್ ಅದರಾಚೆಗೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ, ಮುಂದೆ ಎಚ್‌ಎಎಲ್ ಆದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದ್ದರಿಂದ ಮೊದಲಾಗುವ ಈ ಪ್ರದೇಶದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ತಯಾರಿಕೆಯ ಚರಿತ್ರೆಯಾಗಿ ಓದುತ್ತೇವೆ. ಇಂಥ ವರ್ಷ ಇಂಥ ವಿಮಾನ ಹಾರಿತು ಎಂದು ಲೆಕ್ಕ ಇಡುತ್ತೇವೆ. ಆದರೆ ನಾರು ಮತ್ತು ರೆಸಿನ್ ಸೇರಿಸಿ ಮಾಡುವ ಕಾಂಪೊಸಿಟ್‌ನ ಮಟ್ಟಿಗೆ ಈ ಓದು ಅರ್ಧ ಮಾತ್ರ ಸರಿ. ಈ ವಸ್ತುವಿನಲ್ಲಿ ಬೆಂಗಳೂರಿನ ಹೊರವಲಯ ಸಂಪಾದಿಸಿದ ನಿಜವಾದ ಬಂಡವಾಳವೆಂದರೆ ಪರೀಕ್ಷೆ: ಉಜ್ಜಿ ನೋಡುವುದು, ನೆನೆಸಿ ನೋಡುವುದು, ಎಳೆದು ಮುರಿದು ನೋಡುವುದು. ಹಾರಿದ ವಿಮಾನಗಳೆಲ್ಲ ಆ ಬಂಡವಾಳದ ಮೇಲೆ ಬಂದ ಬಡ್ಡಿ ಎಂಬುದು ಈ ಲೇಖನದ ವಾದ.

ಇದಕ್ಕೆ ಕಾರಣ ವಸ್ತುವಿನ ಸ್ವಭಾವದಲ್ಲೇ ಇದೆ. ಅಲ್ಯೂಮಿನಿಯಂ ಹಾಳೆ ಕಾರ್ಖಾನೆಗೆ ಬರುವಾಗ ಅದರ ಬಲ ಅದರೊಳಗೇ ಇರುತ್ತದೆ. ಮಿಲ್ಲಿನವರು ಪ್ರಮಾಣಪತ್ರ ಕೊಟ್ಟಿರುತ್ತಾರೆ, ಕೊಂಡವನು ಕತ್ತರಿಸಿ, ಬಾಗಿಸಿ, ರಿವೆಟ್ ಹೊಡೆಯುತ್ತಾನೆ. ಕಾಂಪೊಸಿಟ್‌ನಲ್ಲಿ ಹಾಗಲ್ಲ. ಕಾರ್ಬನ್ ಅಥವಾ ಗಾಜಿನ ನಾರು ಒಂದು ಕಡೆಯಿಂದ ಬರುತ್ತದೆ, ಎಪಾಕ್ಸಿ ರೆಸಿನ್ ಇನ್ನೊಂದು ಕಡೆಯಿಂದ. ಕಾಲು ಮಿಲಿಮೀಟರಿಗಿಂತಲೂ ತೆಳುವಾದ ಪದರಗಳನ್ನು ಯಾವ ಕೋನದಲ್ಲಿ ಹಾಸಬೇಕು, ಎಷ್ಟು ಒತ್ತಡದಲ್ಲಿ, ಎಷ್ಟು ಕಾವಿನಲ್ಲಿ ಬೇಯಿಸಬೇಕು ಎಂಬುದು ತೀರ್ಮಾನವಾಗಿ, ಬಿಡಿಭಾಗವು ಆಟೊಕ್ಲೇವ್ ಎಂಬ ಒತ್ತಡದ ಒಲೆಯಿಂದ ಹೊರಬಂದಾಗಲೇ ಆ ವಸ್ತು ಹುಟ್ಟುವುದು. ಬಿಡಿಭಾಗವೂ ವಸ್ತುವೂ ಒಂದೇ ಗಳಿಗೆಯಲ್ಲಿ ತಯಾರಾಗುತ್ತವೆ. ಪದರಗಳ ನಡುವೆ ಗಾಳಿಗುಳ್ಳೆಗಳು ಶೇ. 1ರಷ್ಟು ಹೆಚ್ಚಾದರೆ ಪದರಗಳು ಒಂದಕ್ಕೊಂದು ಜಾರದಂತೆ ಹಿಡಿದಿಡುವ ಬಲ ಶೇ. 7ರಷ್ಟು ಕುಸಿಯುತ್ತದೆ ಎಂಬುದು ಈ ಕ್ಷೇತ್ರದವರು ಬಹುಕಾಲದಿಂದ ಬಳಸುವ ಅಂದಾಜು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಇಲ್ಲಿ ಒಂದು ಅಗುಳು ಸಾಲದು, ಪಾತ್ರೆಯ ಮೂಲೆಮೂಲೆಯನ್ನೂ ನೋಡಬೇಕು. ಲೋಹದ ಯುಗದಲ್ಲಿ ಗಿರಣಿಯ ಹೆಗಲ ಮೇಲಿದ್ದ ಹೊಣೆ ಹೀಗೆ ಬಿಡಿಭಾಗ ಮಾಡುವವನ ಹೆಗಲಿಗೆ ಬಂತು. ಮಾಡುವವನೇ ಅಳೆಯಬೇಕು, ಅಳೆಯಲು ಬಾರದವನು ಮಾಡಲಾರ.

ಈ ಪಾಠ ಬೆಂಗಳೂರಿಗೆ ಕಾರ್ಬನ್ ನಾರಿನ ಜೊತೆಗೆ ಬಂದದ್ದಲ್ಲ. ಅದರ ಬೇರು ಮರ ಮತ್ತು ಅಂಟಿನ ಕಾಲದಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಮಾಸ್ಕಿಟೊ ವಿಮಾನದ ಒಡಲು ಪ್ಲೈವುಡ್ ಮತ್ತು ಬಾಲ್ಸಾ ಮರದ ಪದರಗಳಿಂದ ಆಗಿತ್ತು. 1944ರಲ್ಲಿ ಭಾರತ ಮತ್ತು ಬರ್ಮಾದಲ್ಲಿದ್ದ ಆ ವಿಮಾನಗಳ ರೆಕ್ಕೆಗಳ ಜೋಡಣೆ ಬಿಟ್ಟುಕೊಂಡು ಅಪಘಾತಗಳಾದವು, ಹಾರಾಟ ನಿಲ್ಲಿಸಿ ತಪಾಸಣೆ ಮಾಡಬೇಕಾಯಿತು. ಅಂಟು, ತೇವ, ಬಿಸಿಲು, ಕಾರ್ಖಾನೆಯಲ್ಲಿ ಜೋಡಿಸುವಾಗಿನ ಸಡಿಲ, ಇವುಗಳಲ್ಲಿ ಯಾವುದು ಎಷ್ಟು ಹೊಣೆ ಎಂಬ ಚರ್ಚೆ ಆಗ ಜೋರಾಗಿಯೇ ನಡೆಯಿತು. ಅದೇ ಪರಂಪರೆಯ ವ್ಯಾಂಪೈರ್ ಜೆಟ್ ವಿಮಾನವನ್ನು 1950ರ ದಶಕದಲ್ಲಿ ಎಚ್‌ಎಎಲ್ ಪರವಾನಗಿ ಪಡೆದು ಬೆಂಗಳೂರಿನಲ್ಲಿ ತಯಾರಿಸಿತು. ಜೆಟ್ ಆದರೂ ಅದರ ಪೈಲಟ್ ಕೂರುವ ಮುಂಭಾಗ ಮರದ ಪದರಗಳದ್ದೇ. ಇತ್ತ ತುಮಕೂರು ರಸ್ತೆಯಲ್ಲಿ 1962ರಲ್ಲಿ ಪ್ಲೈವುಡ್ ಸಂಶೋಧನಾ ಸಂಸ್ಥೆ ಇಪಿರ್ಟಿ ಆರಂಭವಾಯಿತು. ನಮ್ಮ ಮಳೆ ಬಿಸಿಲಿಗೆ ತಡೆಯುವ ಅಂಟು ಯಾವುದು, ಪದರ ಎಷ್ಟು ಕಾಲಕ್ಕೆ ಬಿಡುತ್ತದೆ ಎಂದು ಕುದಿಯುವ ನೀರಿನಲ್ಲಿ ಹಾಕಿ ಒಣಗಿಸಿ ನೋಡುವುದೇ ಅಲ್ಲಿನ ದಿನನಿತ್ಯದ ಕೆಲಸವಾಯಿತು. ಬಿದಿರಿನ ಚಾಪೆಗೆ ರೆಸಿನ್ ಕುಡಿಸಿ ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಮಾಡಿದ ಸುಕ್ಕುತಗಡು ಮುಂದೆ ಅದೇ ಸಂಸ್ಥೆಯಿಂದ ಬಂತು. ವಿಮಾನದ ಹೆಸರಿಲ್ಲದ ಕಾರಣಕ್ಕೆ ಅದನ್ನು ಕಾಂಪೊಸಿಟ್ ಚರಿತ್ರೆಯಿಂದ ಹೊರಗಿಡಬೇಕಾಗಿಲ್ಲ. ನಾರು, ರೆಸಿನ್, ಒತ್ತಡ, ಕಾವು, ಎಲ್ಲವೂ ಅಲ್ಲಿವೆ.

ಎನ್‌ಎಎಲ್‌ನ ಆರಂಭವೂ ಸರಳವಾಗಿಯೇ ಆಯಿತು. 1959ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾಗಿ, ಮರುವರ್ಷ ಬೆಂಗಳೂರಿಗೆ ಬಂದು, ಜಯಮಹಲ್ ರಸ್ತೆಯ ಅರಮನೆಯೊಂದರ ಕುದುರೆ ಲಾಯದಲ್ಲಿ ಕಚೇರಿ ತೆರೆದ ಸಂಸ್ಥೆ ಅದು. 1980ರ ದಶಕದ ಆರಂಭದ ಹೊತ್ತಿಗೆ ಅಲ್ಲಿ ಎಫ್‌ಆರ್‌ಪಿ (ನಾರು ಸೇರಿಸಿ ಬಲಪಡಿಸಿದ ಪ್ಲಾಸ್ಟಿಕ್) ಪೈಲಟ್ ಪ್ಲಾಂಟ್ ಎಂಬ ವಿಭಾಗ ಕೆಲಸ ಮಾಡುತ್ತಿತ್ತು. ಆ ವಿಭಾಗದ ಆರ್.ಎಂ.ವಿ.ಜಿ.ಕೆ. ರಾವ್ ಮತ್ತು ಸಂಗಡಿಗರು ಭಾರತೀಯ ವಿಜ್ಞಾನ ಸಂಸ್ಥೆಯ ಮಾನಸ್ ಚಂದಾ ಅವರ ಜೊತೆಗೂಡಿ ಕೈಗೆತ್ತಿಕೊಂಡ ಪ್ರಶ್ನೆ ಗಮನಿಸಬೇಕಾದದ್ದು: ಸೆಣಬು ಮತ್ತು ಎಪಾಕ್ಸಿ ಸೇರಿದ ಹಲಗೆ ನೀರನ್ನು ಹೇಗೆ ಹೀರುತ್ತದೆ? ಗಾಜು ಮತ್ತು ಕಾರ್ಬನ್ ನಾರು ನೀರು ಕುಡಿಯುವುದಿಲ್ಲ, ಅಲ್ಲಿ ತೇವಕ್ಕೆ ರೆಸಿನ್ ಒಂದೇ ದಾರಿ. ಸೆಣಬು ತಾನೇ ನೀರು ಹೀರುವ ನಾರಾದ್ದರಿಂದ ಎರಡು ದಾರಿಗಳಾಗುತ್ತವೆ, ನಾರು ಹೆಚ್ಚಿಸಿದಷ್ಟೂ ನೀರು ಬೇಗ ಒಳಹೋಗುತ್ತದೆ. ಇಂಗ್ಲೆಂಡು, ಅಮೆರಿಕಗಳಿಂದ ಬಂದ ಲೆಕ್ಕಸೂತ್ರಗಳು ನೀರು ಕುಡಿಯದ ನಾರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದವಾಗಿದ್ದವು. ನಮ್ಮ ನಾರಿಗೆ ನಮ್ಮದೇ ಅಳತೆ ಬೇಕಾಯಿತು. ಈ ಕೆಲಸದಿಂದ ಯಾವ ವಿಮಾನವೂ ಹಾರಲಿಲ್ಲ. ಆದರೆ ಹಲಗೆಯನ್ನು ನೀರಿನಲ್ಲಿ ಮುಳುಗಿಸಿ, ನಿಗದಿತ ಹೊತ್ತಿಗೆ ತೆಗೆದು, ಒರೆಸಿ, ತೂಗಿ, ಮತ್ತೆ ಮುಳುಗಿಸುವ ಶಿಸ್ತು ಒಂದು ಕಸುಬಾಗಿ ಇಲ್ಲಿ ನೆಲೆ ನಿಂತಿತು. ಎಪಾಕ್ಸಿ ಹೀರುವ ತೇವ ಕೆಲವೇ ಶೇಕಡಾ. ಅಷ್ಟೇ ಸಾಕು, ಬಿಸಿಯಲ್ಲಿ ಅದು ಮೆತ್ತಗಾಗುವ ಮಟ್ಟ ಹತ್ತಾರು ಡಿಗ್ರಿ ಕೆಳಗಿಳಿಯುತ್ತದೆ. ಬಿಸಿಲಲ್ಲಿ ನಿಂತ ಯುದ್ಧವಿಮಾನದ ರೆಕ್ಕೆಗೆ ಇದು ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಸವೆತದ ವಿಚಾರಕ್ಕೆ ಬಂದರೆ ಸಾಕ್ಷ್ಯ ಇನ್ನೂ ಹತ್ತಿರದಿಂದ ಸಿಗುತ್ತದೆ. ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ವಿಭಾಗದ ಕಿಶೋರ್ ಮತ್ತು ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯ ಸಂಪತ್‌ಕುಮಾರನ್, ಸೀತಾರಾಮು ಮೊದಲಾದವರು ಗಾಜಿನ ಬಟ್ಟೆ ಮತ್ತು ಎಪಾಕ್ಸಿಯ ಹಲಗೆಗಳನ್ನು ಉಜ್ಜಿ ನೋಡಿದ ಅಧ್ಯಯನ 2000ದಲ್ಲಿ ಸವೆತಕ್ಕೇ ಮೀಸಲಾದ ಅಂತರರಾಷ್ಟ್ರೀಯ ಪತ್ರಿಕೆ ‘ವೇರ್’ನಲ್ಲಿ ಪ್ರಕಟವಾಯಿತು. ಇಂಥ ಪರೀಕ್ಷೆಯ ಪಿನ್-ಆನ್-ಡಿಸ್ಕ್ ಯಂತ್ರ ನೋಡಲು ಸರಳ. ಗಟ್ಟಿಗೊಳಿಸಿದ ಉಕ್ಕಿನ ತಟ್ಟೆಯೊಂದು ತಿರುಗುತ್ತಿರುತ್ತದೆ. ಬೆರಳ ತುದಿಯಷ್ಟು ಅಗಲದ ಕಾಂಪೊಸಿಟ್ ತುಣುಕನ್ನು ಒಂದು ಪಿನ್ನಿನ ತುದಿಗೆ ಅಂಟಿಸಿ ಅದರ ಮೇಲೆ ಒತ್ತಿ ಹಿಡಿಯುತ್ತಾರೆ. ಒತ್ತಡ ಕೊಡುವುದು ಸನ್ನೆಯ ಇನ್ನೊಂದು ತುದಿಗೆ ತೂಗುಬಿಟ್ಟ ಬಟ್ಟುಗಳು. ಇಷ್ಟು ಮೀಟರ್ ಓಡಿದ ಮೇಲೆ ತುಣುಕನ್ನು ಬಿಚ್ಚಿ, ಒರೆಸಿ, ಮಿಲಿಗ್ರಾಂನ ಹತ್ತನೇ ಒಂದು ಭಾಗವನ್ನೂ ತೋರಿಸುವ ತಕ್ಕಡಿಯಲ್ಲಿ ತೂಗುತ್ತಾರೆ. ಕಡಿಮೆಯಾದ ತೂಕವೇ ಸವೆತ. ಆಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ನಡೆದದ್ದೆಲ್ಲ ಕಾಣುತ್ತದೆ. ಮೊದಲು ಮೇಲ್ಪದರದ ರೆಸಿನ್ ಹೋಗುತ್ತದೆ. ನಾರು ಬರಿದಾಗಿ ಎದುರಿಗೆ ನಿಲ್ಲುತ್ತದೆ, ತೆಳುವಾಗುತ್ತದೆ, ಅಡ್ಡಡ್ಡ ಬಿರಿಯುತ್ತದೆ, ಕೊನೆಗೆ ಹಿಡಿತ ತಪ್ಪಿ ಚೂರಾಗಿ ಕಿತ್ತುಬರುತ್ತದೆ. ಆ ಗಾಜಿನ ಚೂರುಗಳು ನಡುವೆ ಸಿಕ್ಕಿಕೊಂಡು ಉಳಿದ ಮೈಯನ್ನೂ ಕೆರೆಯುತ್ತವೆ. ಕಾರ್ಬನ್ ನಾರಿನ ಪುಡಿಯಾದರೋ ಜಾರಿಕೆ ಕೊಡುತ್ತದೆ. ಭಾರ ಮತ್ತು ವೇಗ ಬದಲಾದಂತೆ ಇವುಗಳಲ್ಲಿ ಯಾವ ಹಂತ ಮೇಲುಗೈ ಪಡೆಯುತ್ತದೆ ಎಂಬುದೂ ಬದಲಾಗುತ್ತದೆ. ಮೈಸೂರಿನ ಎನ್‌ಐಇ ಕಾಲೇಜಿನ ಬಿ. ಸುರೇಶ ಮತ್ತಿತರರು ಗ್ರಾಫೈಟ್ ಪುಡಿ, ಸಿಲಿಕಾನ್ ಕಾರ್ಬೈಡ್ ಪುಡಿಗಳನ್ನು ರೆಸಿನ್ನಿಗೆ ಬೆರೆಸಿ ಇದೇ ಜಾಡನ್ನು ಮುಂದುವರಿಸಿದರು.

ಈ ಅಧ್ಯಯನಗಳ ಯಂತ್ರಗಳು ಎಲ್ಲಿಂದ ಬಂದವು ಎಂದು ಕೇಳಿದರೆ ವಾದಕ್ಕೆ ಗಟ್ಟಿ ಆಧಾರ ಸಿಗುತ್ತದೆ. ಭಾರತದ ಎಂಜಿನಿಯರಿಂಗ್ ಕಾಲೇಜುಗಳಿಂದ ಬರುವ ಸವೆತದ ಪ್ರಬಂಧಗಳನ್ನು ತಿರುವಿಹಾಕಿದರೆ ಪಿನ್-ಆನ್-ಡಿಸ್ಕ್ ಯಂತ್ರದ ಹೆಸರಿನ ಪಕ್ಕದಲ್ಲಿ ಪದೇ ಪದೇ ಕಾಣುವುದು ಪೀಣ್ಯದ ಡ್ಯೂಕಾಂ. ಸಾವಿರಗಟ್ಟಲೆ, ಲಕ್ಷಗಟ್ಟಲೆ ಸಲ ಎಳೆದು ಬಿಟ್ಟು ದಣಿವನ್ನು ಅಳೆಯುವ ಸರ್ವೊ-ಹೈಡ್ರಾಲಿಕ್ ಯಂತ್ರಗಳನ್ನು ಮಾಡುವ ಬಿಐಎಸ್‌ಎಸ್ ಕೂಡ ಪೀಣ್ಯದ್ದೇ. ಎನ್‌ಎಎಲ್‌ನಲ್ಲಿ ಲೋಹದ ದಣಿವಿನ ಬಗ್ಗೆ ಕೆಲಸ ಮಾಡಿದ್ದ ಆರ್. ಸುಂದರ್ 1990ರ ದಶಕದ ಆರಂಭದಲ್ಲಿ ಕಟ್ಟಿದ ಕಂಪನಿ ಅದು. ಮುಂದೆ ಅದನ್ನು ಅಮೆರಿಕದ ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು. ಅಂದರೆ ಒಂದೇ ಕೈಗಾರಿಕಾ ಬಡಾವಣೆಯಲ್ಲಿ ಸವೆತ ಅಳೆಯುವ ಯಂತ್ರವೂ ಬಲ ಅಳೆಯುವ ಯಂತ್ರವೂ ತಯಾರಾದವು. ಕಾರ್ಬನ್ ನಾರನ್ನು ಹೊರಗಿನಿಂದ ತರಿಸುತ್ತಿದ್ದ ಊರು ಆ ನಾರಿನ ಬಂಡವಾಳವನ್ನು ಬಯಲಿಗೆಳೆಯುವ ಯಂತ್ರವನ್ನು ತಾನೇ ಮಾಡಿ ಹೊರದೇಶಗಳಿಗೂ ಕಳಿಸಿತು. ಒಂದು ಪ್ರದೇಶಕ್ಕೆ ಯಾವ ಕೆಲಸ ಮೈಗೂಡಿದೆ ಎಂಬುದಕ್ಕೆ ಅದು ಮಾರುವ ಉಪಕರಣಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಪರೀಕ್ಷೆಯನ್ನು ಹಗುರವಾಗಿ ಕಂಡರೆ ಏನಾಗುತ್ತದೆ ಎಂಬುದನ್ನು ಜಗತ್ತು 1970ರಲ್ಲೇ ನೋಡಿತ್ತು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ 1960ರ ದಶಕದಲ್ಲಿ ಬಲವಾದ ಕಾರ್ಬನ್ ನಾರು ರೂಪುಗೊಂಡಾಗ ರೋಲ್ಸ್-ರಾಯ್ಸ್ ತನ್ನ ಹೊಸ ಆರ್‌ಬಿ211 ಎಂಜಿನ್ನಿನ ಮುಂಭಾಗದ ದೊಡ್ಡ ಫ್ಯಾನಿನ ಅಲಗುಗಳನ್ನು ಅದರಿಂದಲೇ ಮಾಡಲು ಹೊರಟಿತು. ಎಳೆತಕ್ಕೆ ಆ ನಾರು ಉಕ್ಕನ್ನೂ ಮೀರಿಸುವಂಥದ್ದು, ತೂಕದಲ್ಲಿ ಉಕ್ಕಿನ ಕಾಲುಭಾಗಕ್ಕೂ ಕಡಿಮೆ. ಆದರೆ ಹಕ್ಕಿ ಬಡಿದರೆ ಏನಾಗುತ್ತದೆ ಎಂದು ನೋಡಲು ಸತ್ತ ಕೋಳಿಯನ್ನು ತೋಪಿನಿಂದ ಹಾರಿಸಿದಾಗ ಅಲಗು ಛಿದ್ರವಾಯಿತು. ಟೈಟಾನಿಯಂಗೆ ಮರಳಬೇಕಾಯಿತು, ಖರ್ಚು ಏರಿತು, 1971ರ ಫೆಬ್ರುವರಿಯಲ್ಲಿ ಕಂಪನಿ ದಿವಾಳಿಯಾಗಿ ಸರ್ಕಾರದ ಪಾಲಾಯಿತು. ದಿವಾಳಿಗೆ ಅಲಗು ಒಂದೇ ಕಾರಣವಲ್ಲ ನಿಜ. ಆದರೂ ನಾರಿನ ಬಲ ಬೇರೆ, ಬಿಡಿಭಾಗದ ಬಲ ಬೇರೆ ಎಂಬುದನ್ನು ಅಷ್ಟು ದುಬಾರಿಯಾಗಿ ಬೇರಾರೂ ಕಲಿತಿಲ್ಲ. ನಾರಿನ ಉದ್ದಕ್ಕೆ ಎಳೆದರೆ ಕಾರ್ಬನ್ ಬೆಟ್ಟದಷ್ಟು ಗಟ್ಟಿ, ಅಡ್ಡಕ್ಕೆ ಬಡಿದರೆ ಪದರಗಳನ್ನು ಹಿಡಿದಿರುವುದು ಬರೀ ರೆಸಿನ್. ಮೆಕ್ಯಾನಿಕ್‌ನ ಕೈಯಿಂದ ಜಾರಿದ ಸ್ಪ್ಯಾನರ್ ರೆಕ್ಕೆಯ ಮೇಲೆ ಬಿದ್ದರೆ ಹೊರಗೆ ಗೀರೂ ಕಾಣದೆ ಒಳಗೆ ಅಂಗೈಯಗಲ ಪದರ ಬಿಟ್ಟಿರಬಹುದು.

ಹಗುರ ಯುದ್ಧವಿಮಾನದ ಯೋಜನೆ 1983ರಲ್ಲಿ ಮಂಜೂರಾಗಿ ಮರುವರ್ಷ ಎಡಿಎ ಹುಟ್ಟಿದಾಗ ಈ ಪಾಠ ಎದುರಿಗಿತ್ತು. ತೇಜಸ್ ಎಂದು ಮುಂದೆ ಹೆಸರು ಪಡೆದ ಆ ವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ. 45 ಕಾಂಪೊಸಿಟ್. ಅದು ನೆಲ ಬಿಡುವ ಮೊದಲು ಕೆಲಸ ಮಾಡಿದ್ದು ಕೂಪನ್‌ಗಳು. ಕೂಪನ್ ಎಂದರೆ ಸುಮಾರು 250 ಮಿಲಿಮೀಟರ್ ಉದ್ದ, 25 ಮಿಲಿಮೀಟರ್ ಅಗಲದ ಪಟ್ಟಿ. ಯಂತ್ರದ ಹಿಡಿ ಕಚ್ಚಿ ನಾರು ಕತ್ತರಿಸದಂತೆ ಎರಡೂ ತುದಿಗೆ ಗಾಜು-ಎಪಾಕ್ಸಿಯ ಟ್ಯಾಬ್ ಅಂಟಿಸಿ ಎಳೆಯುತ್ತಾರೆ. ಒಣಗಿದ್ದಾಗ, ನೆನೆದಾಗ, ಚಳಿಯಲ್ಲಿ, ಬಿಸಿಯಲ್ಲಿ, ತೂತು ಕೊರೆದು, ಬಡಿದ ಮೇಲೆ, ಹೀಗೆ ಒಂದೊಂದು ಸ್ಥಿತಿಗೂ ಹತ್ತಾರು ಪಟ್ಟಿ. ಬಂದ ಅಂಕಿಗಳಲ್ಲಿ ಸರಾಸರಿಯನ್ನು ಬಿಟ್ಟು ಕೆಳತುದಿಯನ್ನು ಹಿಡಿದು ವಿನ್ಯಾಸದ ಮಿತಿ ಗೊತ್ತುಮಾಡುತ್ತಾರೆ. ಕೂಪನ್ನಿಂದ ಜೋಡಣೆಗೆ, ಜೋಡಣೆಯಿಂದ ಪೆಟ್ಟಿಗೆಯಾಕಾರದ ಭಾಗಕ್ಕೆ, ಅಲ್ಲಿಂದ ಇಡೀ ರೆಕ್ಕೆಗೆ ಮೆಟ್ಟಿಲೇರಬೇಕು. 2001ರ ಜನವರಿ 4ರಂದು ಎಚ್‌ಎಎಲ್ ರನ್‌ವೇಯಿಂದ ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಆ ವಿಮಾನವನ್ನು ಮೇಲೇರಿಸಿದರು. ಅಷ್ಟರಲ್ಲಿ ಇದೇ ಸುತ್ತಿನಲ್ಲಿ ಕಾಂಪೊಸಿಟ್‌ನ ಬೇರೆ ಯಂತ್ರಗಳೂ ಹಾರಿದ್ದವು: 1987ರಲ್ಲಿ ಎನ್‌ಎಎಲ್‌ನ ಹಗುರ ಕನಾರ್ಡ್ (ಮುಂಭಾಗದಲ್ಲಿ ಕಿರುರೆಕ್ಕೆಯಿರುವ) ವಿಮಾನ, 1992ರಲ್ಲಿ ಎಚ್‌ಎಎಲ್‌ನ ಧ್ರುವ ಹೆಲಿಕಾಪ್ಟರ್, 1993ರಲ್ಲಿ ಹನ್ಸ. ಪೂರ್ತಿ ಕಾಂಪೊಸಿಟ್‌ನ ಹನ್ಸ-3 ತರಬೇತಿ ವಿಮಾನಕ್ಕೆ 2000ದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರಮಾಣಪತ್ರ ಸಿಕ್ಕಿದ್ದು, ಹಾರಿದ್ದಕ್ಕಿಂತ ದೊಡ್ಡ ಸಂಗತಿ. ಹಾರಿಸಲು ಒಂದು ದಿನ ಸಾಕು. ವರ್ಷಗಟ್ಟಲೆ ಹಾರಿಸಬಹುದು ಎಂದು ಕಾಗದದ ಮೇಲೆ ರುಜುವಾತು ಮಾಡುವುದೇ ಕಷ್ಟ.

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ ನೇರವಾದದ್ದು. ನಾರು ನಮ್ಮದಲ್ಲ, ರೆಕ್ಕೆಯ ಕೆಲಸಕ್ಕೆ ಆರಂಭದಲ್ಲಿ ಇಟಲಿಯ ಅಲೆನಿಯಾದ ನೆರವೂ ಇತ್ತು. ಬೇರೆಯವರ ಸಾಮಾನನ್ನು ಉಜ್ಜಿ ಮುರಿದು ನೋಡಿದ್ದರಲ್ಲಿ ಹೆಮ್ಮೆ ಏನು? ನಾರಿನ ಕೊರತೆ ನಿಜವಾದ ಕೊರತೆಯೇ. ಎನ್‌ಎಎಲ್ ರೂಪಿಸಿದ ಕಾರ್ಬನ್ ನಾರಿನ ತಂತ್ರಜ್ಞಾನ ವಡೋದರದ ಕೆಮ್‌ರಾಕ್ ಕಂಪನಿಗೆ ಹೋಗಿ 2010ರಲ್ಲಿ ಘಟಕವೂ ಆರಂಭವಾಯಿತು, ಆದರೆ ಕಂಪನಿ ಸಾಲದ ಹೊರೆಯಿಂದ ಮೇಲೇಳಲಿಲ್ಲ. ಇಷ್ಟನ್ನು ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ನಾರನ್ನು ದುಡ್ಡು ಕೊಟ್ಟು ತರಬಹುದು, ಆ ನಾರಿನಿಂದ ನಾನು ಮಾಡಿದ ಹಲಗೆ ಎಷ್ಟು ತಡೆಯುತ್ತದೆ ಎಂಬ ಅಂಕಿಯನ್ನು ಯಾರೂ ಮಾರುವುದಿಲ್ಲ. ಮಾರಿದರೂ ಅದು ಅವರ ಆಟೊಕ್ಲೇವಿನ, ಅವರ ಕೆಲಸಗಾರರ ಅಂಕಿ. 1998ರ ಪೋಖ್ರಾನ್ ಅಣುಸ್ಫೋಟದ ನಂತರ ಅಮೆರಿಕದಲ್ಲಿ ನಡೆಯುತ್ತಿದ್ದ ತೇಜಸ್‌ನ ಹಾರಾಟ ನಿಯಂತ್ರಣದ ಜಂಟಿ ಕೆಲಸ ನಿಂತುಹೋದರೂ ಮೂರು ವರ್ಷದೊಳಗೆ ವಿಮಾನ ಹಾರಿತೆಂದರೆ, ಒಡಲಿನ ಬಲದ ಲೆಕ್ಕವಾದರೂ ಇಲ್ಲಿಯ ಕಡತಗಳಲ್ಲೇ ಇತ್ತು ಎಂಬುದೂ ಅದಕ್ಕೊಂದು ಕಾರಣ.

ಎರಡನೆಯ ಆಕ್ಷೇಪ ಕೆಳಗಿನಿಂದ ಬರುತ್ತದೆ. ಪೀಣ್ಯ, ದೊಡ್ಡನೆಕ್ಕುಂದಿ, ಬೊಮ್ಮಸಂದ್ರದಂಥ ಕೈಗಾರಿಕಾ ಬಡಾವಣೆಗಳ ಸಣ್ಣ ಶೆಡ್ಡುಗಳಲ್ಲಿ ಆಗುವ ಕಾಂಪೊಸಿಟ್ ಕೆಲಸಕ್ಕೆ ಕೂಪನ್ನೂ ಇಲ್ಲ, ಆಟೊಕ್ಲೇವೂ ಇಲ್ಲ. ಅಲ್ಲಿ ಇದರ ಹೆಸರು ಬರೀ ಫೈಬರ್. ಮೌಲ್ಡ್‌ಗೆ ಮೇಣ ಹಚ್ಚಿ, ಜೆಲ್‌ಕೋಟ್ ಬಳಿದು, ಗಾಜಿನ ಮ್ಯಾಟ್ ಹಾಸಿ, ಹಾರ್ಡ್ನರ್ ಬೆರೆಸಿದ ಪಾಲಿಯೆಸ್ಟರ್ ರೆಸಿನ್ ಸುರಿದು, ರೋಲರ್ ಎಳೆದು ಗಾಳಿ ಹೊರಗಟ್ಟಿದರೆ ಮುಗಿಯಿತು. ಹಾಗಾದರೆ ಪರೀಕ್ಷೆಯ ಕಸುಬು ಬೇಲಿಯೊಳಗಿನ ಸರ್ಕಾರಿ ಸಂಸ್ಥೆಗಳದ್ದು ಮಾತ್ರವಲ್ಲವೇ? ಪೂರ್ತಿ ಹಾಗಲ್ಲ. ಫೈಬರ್ ಕೆಲಸ ಬಲ್ಲವನು ಗಟ್ಟಿಯಾದ ಹಲಗೆಯನ್ನು ನಾಣ್ಯದಿಂದ ಕುಟ್ಟುತ್ತಾ ಹೋಗುತ್ತಾನೆ. ಟಣ್ ಎಂದರೆ ಸರಿ, ಬೊದ್ದು ಎಂದರೆ ಅಲ್ಲಿ ಗಾಳಿ ಸೇರಿದೆ ಅಥವಾ ಪದರ ಬಿಟ್ಟಿದೆ. ಇದೇ ನಾಣ್ಯದ ಪರೀಕ್ಷೆ ವಿಮಾನದ ಹ್ಯಾಂಗರಿನಲ್ಲೂ ಇದೆ, ಅಲ್ಟ್ರಾಸೌಂಡ್ ತಪಾಸಣೆಗೆ ಮುನ್ನ ಶಂಕೆ ಬಂದ ಜಾಗ ಗುರುತಿಸಲು ಇವತ್ತಿಗೂ ಬಳಸುತ್ತಾರೆ. ಆದರೆ ಬಲದ ವಿಷಯದಲ್ಲಿ ಶೆಡ್ಡಿನ ಉತ್ತರ ಒಂದೇ: ಇನ್ನೊಂದು ಪದರ ಹಾಕು. ಅಳತೆ ಇಲ್ಲದ ಕಡೆ ದಪ್ಪವೇ ಭದ್ರತೆ. ಒಂದೇ ವಸ್ತು ವಿಮಾನದಲ್ಲಿ ಹಗುರವಾಗಿಯೂ ನೀರಿನ ಟ್ಯಾಂಕಿನಲ್ಲಿ ಭಾರವಾಗಿಯೂ ಇರುವುದಕ್ಕೆ ನಾರಿನ ಬೆಲೆ ಒಂದು ಕಾರಣ, ಅಳತೆಯ ಬೆಲೆ ಇನ್ನೊಂದು. ಈ ಆಕ್ಷೇಪ ವಾದವನ್ನು ಕೆಡವುವುದಿಲ್ಲ. ಪರೀಕ್ಷೆಯ ಫಲ ಬೇಲಿ ದಾಟಿ ಎಷ್ಟು ಕಡಿಮೆ ಹರಡಿದೆ ಎಂಬುದನ್ನು ತೋರಿಸುತ್ತದೆ.

ಮೂರನೆಯದು ಪರಿಣತರ ಆಕ್ಷೇಪ. ಉಕ್ಕಿನ ತಟ್ಟೆಯ ಮೇಲೆ ಉಜ್ಜಿ ತೆಗೆದ ಸವೆತದ ಅಂಕಿ ಹೆಲಿಕಾಪ್ಟರಿನ ರೆಕ್ಕೆಗೆ ಬಡಿಯುವ ಮರಳಿಗೂ ವಿಮಾನದ ಮೂತಿಗೆ ಬಡಿಯುವ ಮಳೆಹನಿಗೂ ಅನ್ವಯಿಸುತ್ತದೆಯೇ? ಅನ್ವಯಿಸುವುದಿಲ್ಲ. ಪಿನ್-ಆನ್-ಡಿಸ್ಕ್ ಪರೀಕ್ಷೆ ಎರಡು ವಸ್ತುಗಳಲ್ಲಿ ಯಾವುದು ಮೇಲು ಎಂದು ಸಾಲು ಹಚ್ಚಿಕೊಡುತ್ತದೆ, ಇಂಥದ್ದು ಇಷ್ಟು ವರ್ಷ ಬಾಳುತ್ತದೆ ಎಂದು ಭವಿಷ್ಯ ಹೇಳುವುದಿಲ್ಲ. ಜೊತೆಗೆ ಸವೆತ ತಡೆಯಲೆಂದು ಬೆರೆಸಿದ ಪುಡಿ ಹೆಚ್ಚಾದರೆ ಹಲಗೆಯ ಎಳೆತದ ಬಲ ತಗ್ಗಬಹುದು, ಒಂದರ ಅಂಕಿ ಇನ್ನೊಂದಕ್ಕೆ ಸಾಕ್ಷಿಯಾಗುವುದಿಲ್ಲ. ಆದರೆ ಇದು ಹೆಚ್ಚು ಪರೀಕ್ಷೆಗೆ ಕಾರಣವೇ ಹೊರತು ಕಡಿಮೆ ಪರೀಕ್ಷೆಗಲ್ಲ. ತೇಜಸ್ ತಡವಾಯಿತಲ್ಲ ಎಂಬ ಟೀಕೆಗೂ ಇದೇ ಉತ್ತರದ ಒಂದು ಭಾಗ ಸಲ್ಲುತ್ತದೆ. ಎಂಜಿನ್, ಪೋಖ್ರಾನ್ ನಂತರದ ದಿಗ್ಬಂಧನ, ಬದಲಾಗುತ್ತಾ ಹೋದ ಬೇಡಿಕೆಗಳು ತಿಂದ ವರ್ಷಗಳನ್ನು ಕೂಪನ್‌ಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೂಪನ್‌ಗಳಿಗೆ ಹೋದ ಕಾಲ, ವಸ್ತುವನ್ನು ತಯಾರಿಸಲು ಹೋದ ಕಾಲವೇ. ಯಾಕೆಂದರೆ ಅಳೆಯುವ ತನಕ ಆ ವಸ್ತು ವಿನ್ಯಾಸಕಾರನ ಪಾಲಿಗೆ ಇರುವುದೇ ಇಲ್ಲ.

ಈ ಚರಿತ್ರೆಯನ್ನು ಹೀಗೆ ಓದಿದರೆ ಮುಂದಿನ ಲೆಕ್ಕವೂ ಬದಲಾಗುತ್ತದೆ. ಡ್ರೋನ್‌ಗಳ ಒಡಲು, ವಿದ್ಯುತ್ ವಾಹನಗಳ ಬ್ಯಾಟರಿ ಪೆಟ್ಟಿಗೆ, ಕೃತಕ ಕಾಲು, ಹೀಗೆ ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗಿನ ಹೊಸ ಕಂಪನಿಗಳ ಕೈಗೆ ಈಗ ಕಾಂಪೊಸಿಟ್ ಬಂದಿದೆ. ನಾರು, ರೆಸಿನ್, ವಿನ್ಯಾಸದ ಸಾಫ್ಟ್‌ವೇರ್, ಮೂರೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಹೀಗಾಗಿ ಅಳತೆಯನ್ನೂ ಬೇರೆಯವರ ಪಟ್ಟಿಯಿಂದ ಎತ್ತಿಕೊಳ್ಳುವ ಆಸೆ ಸಹಜ. ಎಪ್ಪತ್ತು ವರ್ಷಗಳ ಅನುಭವ ಹೇಳುವುದು ಅದಕ್ಕೆ ವಿರುದ್ಧ. ಹಲಗೆ ಬೆಂದ ಜಾಗದಲ್ಲೇ ಅದನ್ನು ಮುರಿದು ನೋಡಬೇಕು, ಮುರಿದದ್ದರ ದಾಖಲೆ ಇಡಬೇಕು, ಸೋತ ಪಟ್ಟಿಯ ಅಂಕಿಯನ್ನೂ ಗೆದ್ದದ್ದರ ಪಕ್ಕದಲ್ಲೇ ಬರೆದಿಡಬೇಕು. ಸರ್ಕಾರಿ ಪ್ರಯೋಗಾಲಯಗಳ ಬೀರುಗಳಲ್ಲಿರುವ ಹಳೆಯ ಅಂಕಿಗಳಲ್ಲಿ ಗೋಪ್ಯವಲ್ಲದವನ್ನು ಸಣ್ಣ ಶೆಡ್ಡುಗಳಿಗೆ ತೆರೆದಿಟ್ಟರೆ, ಇನ್ನೊಂದು ಪದರ ಹಾಕುವ ಬದಲು ಒಂದು ಪದರ ತೆಗೆಯುವ ಧೈರ್ಯ ಅಲ್ಲಿಗೂ ಬಂದೀತು. ಈ ಪ್ರದೇಶದ ಕಾಂಪೊಸಿಟ್ ಕಸುಬು ಬೆಳೆಯಿತೇ ಇಲ್ಲವೇ ಎಂದು ಅಳೆಯಲು ಹಾರಿದ ವಿಮಾನಗಳ ಎಣಿಕೆಗಿಂತ ಆ ಒಂದು ಪದರವೇ ಒಳ್ಳೆಯ ಮಾಪನ.